ಸುರುಳಿಯನ್ನು ಓದುವುದು ಹೇಗೆ? ಮನೆಯಲ್ಲಿ ಮಾಡಿದ ಫಿಲ್ಮ್ ಮತ್ತು ಫೋಟೋ ವಿಮರ್ಶೆ

ಫೋಟೋಗ್ರಫಿಯ ಬಗ್ಗೆ ನಮ್ಮ ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರುಗಳು ನಾಲ್ಕು: ವಾಲ್ಟರ್ ಬೆಂಜಮಿನ್, ಸೂಸನ್ ಸೊಂಟಾಗ್, ರೋಲಾಂ ಬಾರ್ತ್, ವಿಲೆಮ್ ಫ್ಲುಸ್ಸರ್. ಈ ನಾಲ್ವರ ಬರಹಗಳನ್ನು ಒಟ್ಟಿಗಿಟ್ಟು ಓದಿದವರಿಗೆ ಒಂದು ಸಂಗತಿ ಹೊಳೆಯದೇ ಇರದು. ಚಿತ್ರದ ಬಗ್ಗೆ, ಚಿತ್ರ ತೆಗೆಯುವವರ ಬಗ್ಗೆ, ತೆಗೆಸಿಕೊಳ್ಳುವವರ ಬಗ್ಗೆ, ನೋಡುವವರ ಬಗ್ಗೆ ಅಲ್ಲಿ ಬೇಕಾದಷ್ಟಿದೆ. ಆದರೆ ಆ ಚಿತ್ರ ಯಾವುದರ ಮೇಲೆ ಮೂಡಿತೋ ಆ ಫಿಲ್ಮಿನ ಬಗ್ಗೆ ಬಹಳ ಕಡಿಮೆ. ಏನೂ ಇಲ್ಲವೆಂದರೆ ತಪ್ಪಾಗುತ್ತದೆ. ಹಳೆಯ ಮಾಧ್ಯಮ ಬೆಳಕನ್ನು ನಿಧಾನವಾಗಿ ಹೀರುತ್ತಿದ್ದುದರಿಂದಲೇ ಆ ಕಾಲದ ಮುಖಗಳಿಗೆ ಒಂದು ನೆಲೆನಿಂತ ಗುಣ ಬಂದಿತ್ತು ಎಂಬುದನ್ನು ಬೆಂಜಮಿನ್ 1931ರ ಪ್ರಬಂಧದಲ್ಲಿ ಗಮನಿಸುತ್ತಾನೆ. ಫೋಟೋಗ್ರಫಿಯನ್ನು ಸಾಧ್ಯವಾಗಿಸಿದವರು ಚಿತ್ರಕಾರರಲ್ಲ, ರಸಾಯನಶಾಸ್ತ್ರಜ್ಞರು ಎಂದು ಬಾರ್ತ್ 1980ರ ತನ್ನ ಕೊನೆಯ ಪುಸ್ತಕದಲ್ಲಿ ಒಪ್ಪಿಕೊಳ್ಳುತ್ತಾನೆ. ಆದರೆ ಇಬ್ಬರೂ ಅಷ್ಟು ಹೇಳಿ ಮುಂದೆ ಹೋಗುತ್ತಾರೆ. ಫಿಲ್ಮ್ ಎಂಬುದು ಬೆಳಕು ಹಾದುಹೋಗುವ ಕಿಟಕಿಯ ಗಾಜು, ಅದಕ್ಕೆ ತನ್ನದೇ ಆದ ಮಾತಿಲ್ಲ ಎಂಬಂತೆ ಉಳಿದ ಚರ್ಚೆ ಸಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ವಿಚಿತ್ರವಾಗಿ ಕಾಣಬೇಕು. ನಮ್ಮ ಗ್ರಂಥಸಂಪಾದನೆಯ ಪರಂಪರೆ ಪಠ್ಯವನ್ನು ಅದು ಕುಳಿತಿರುವ ವಸ್ತುವಿನಿಂದ ಬಿಡಿಸಿ ನೋಡಿದ್ದಿಲ್ಲ. ಓಲೆಗರಿಯ ಯಾವ ಅಂಚನ್ನು ಹುಳು ತಿಂದಿದೆ, ಲಿಪಿಕಾರ ಎಲ್ಲಿ ಸಾಲು ಬಿಟ್ಟಿದ್ದಾನೆ, ಯಾವ ಅಕ್ಷರ ಇನ್ನೊಂದರಂತೆ ಕಂಡು ಪಾಠಾಂತರ ಹುಟ್ಟಿದೆ ಎಂಬುದನ್ನು ಕೇಳದೆ ಹಳಗನ್ನಡ ಕಾವ್ಯದ ಒಂದು ಪದ್ಯದ ಅರ್ಥವನ್ನೂ ನಾವು ತೀರ್ಮಾನಿಸುವುದಿಲ್ಲ. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ ಈ ಎಚ್ಚರವನ್ನು ಒಂದು ಶಾಸ್ತ್ರವಾಗಿಯೇ ಕಲಿಸಿತು. ಇದೇ ಎಚ್ಚರವನ್ನು ಫೋಟೋ ಮುಂದೆ ನಿಂತಾಗ ನಾವು ಯಾಕೆ ಕೈಬಿಡುತ್ತೇವೆ? ಬಹುಶಃ ಓಲೆಗರಿಯನ್ನು ಮನುಷ್ಯ ಸಿದ್ಧಮಾಡುವುದು ನಮಗೆ ಗೊತ್ತು. ಫಿಲ್ಮ್ ಮಾತ್ರ ಹಳದಿ ಡಬ್ಬಿಯಲ್ಲಿ ಅಂಗಡಿಗೆ ಬಂದದ್ದು. ಅದನ್ನು ಯಾರೋ ಮಾಡಿದ್ದಾರೆ, ಮಾಡುವಾಗ ಏನನ್ನೋ ಆರಿಸಿಕೊಂಡು ಏನನ್ನೋ ಬಿಟ್ಟಿದ್ದಾರೆ ಎಂಬುದು ಡಬ್ಬಿಯ ಮೇಲೆ ಕಾಣುವುದಿಲ್ಲ.

ಇದನ್ನು ಕಣ್ಣಿಗೆ ಕಾಣಿಸುವ ಕೆಲಸವನ್ನು ಈಚಿನ ವರ್ಷಗಳಲ್ಲಿ ಸಿದ್ಧಾಂತಿಗಳಿಗಿಂತ ಚೆನ್ನಾಗಿ ಮಾಡುತ್ತಿರುವವರು ಮನೆಯಲ್ಲೇ ರೋಲ್ ಫಿಲ್ಮ್ ತಯಾರಿಸುವ ಹವ್ಯಾಸಿಗಳು. ಅಂಗಡಿಯಲ್ಲಿ ಸಿಗದ ಅಳತೆಯ ಹಳೆಯ ಕ್ಯಾಮೆರಾಗಳಿಗಾಗಿ ಕೆಲವರು ದೊಡ್ಡ ಫಿಲ್ಮನ್ನು ಕತ್ತರಿಸಿ ಹೊಸ ಸುರುಳಿ ಸುತ್ತುತ್ತಾರೆ. ಇನ್ನು ಕೆಲವರು ಬೆಳಕಿಗೆ ಸ್ಪಂದಿಸುವ ಲೇಪವನ್ನೂ ತಾವೇ ತಯಾರಿಸುತ್ತಾರೆ. ಈ ಎರಡನೆಯವರ ಕೆಲಸ ನನಗೆ ಒಂದು ವಿಮರ್ಶಾ ಕೃತಿಯಂತೆ ಕಾಣುತ್ತದೆ. ಅದು ಏನನ್ನು ತೋರಿಸುತ್ತದೆ, ಎಲ್ಲಿ ಎಡವುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಕೆಲಸ ಏನೆಂದು ತಿಳಿಯೋಣ. ಬಿಸಿನೀರಿನಲ್ಲಿ ಜೆಲಟಿನ್ ಕರಗಿಸಿ, ಅದಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಬೆರೆಸುತ್ತಾರೆ. ಕೆಂಪು ದೀಪದ ಕತ್ತಲಲ್ಲಿ ಅದಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ನಿಧಾನವಾಗಿ, ಕಲಕುತ್ತ ಸುರಿಯುತ್ತಾರೆ. ಎರಡೂ ಸೇರಿ ಸಿಲ್ವರ್ ಬ್ರೋಮೈಡಿನ ಸಣ್ಣ ಸಣ್ಣ ಹರಳುಗಳಾಗುತ್ತವೆ. ಜೆಲಟಿನ್ ಅವು ಗಂಟು ಕಟ್ಟದಂತೆ ಹಿಡಿದುಕೊಳ್ಳುತ್ತದೆ. ಹದವಾದ ಬಿಸಿಯಲ್ಲಿ ಇಟ್ಟಷ್ಟೂ ಹರಳುಗಳು ದೊಡ್ಡದಾಗುತ್ತವೆ, ಬೆಳಕಿಗೆ ಸ್ಪಂದಿಸುವ ಶಕ್ತಿ ಹೆಚ್ಚುತ್ತದೆ. ಚಿತ್ರದ ಕಣವೂ ದಪ್ಪಗಾಗುತ್ತದೆ. ಆಮೇಲೆ ತಣ್ಣಗಾಗಿಸಿ ಗಟ್ಟಿಯಾದ ಮುದ್ದೆಯನ್ನು ತೂತುಗಳ ಮೂಲಕ ಒತ್ತಿ ಎಳೆಎಳೆ ಮಾಡುತ್ತಾರೆ; ನಮ್ಮ ಶ್ಯಾವಿಗೆ ಒರಳಿನ ಕೆಲಸವೇ ಅದು. ಆ ಎಳೆಗಳನ್ನು ತಣ್ಣೀರಿನಲ್ಲಿ ತೊಳೆದು, ಬೇಡದ ಉಪ್ಪುಗಳನ್ನು ಕಳೆದು, ಮತ್ತೆ ಕರಗಿಸಿ ಹಾಳೆಯ ಮೇಲೆ ಹರಡುತ್ತಾರೆ. ಇದೆಲ್ಲ ನಡೆಯುವಾಗ ಸಿಲ್ವರ್ ನೈಟ್ರೇಟ್ ಚರ್ಮಕ್ಕೆ ತಾಗಿದರೆ ಕಪ್ಪು ಕಲೆಯಾಗಿ ದಿನಗಟ್ಟಲೆ ಉಳಿಯುತ್ತದೆ. ಮೈಸೂರಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಕಾರ್ಖಾನೆ 1962ರಿಂದ ತಯಾರಿಸುತ್ತಿರುವ ಚುನಾವಣೆಯ ಅಳಿಸಲಾಗದ ಶಾಯಿಯಲ್ಲಿರುವುದೂ ಇದೇ ಸಿಲ್ವರ್ ನೈಟ್ರೇಟ್. ಮತ ಹಾಕಿ ಹೊರಬಂದ ಬೆರಳು ಬಿಸಿಲಿನಲ್ಲಿ ಕಪ್ಪಾಗುವುದಕ್ಕೂ ಹಳೆಯ ಭಾವಚಿತ್ರ ಮೂಡಿದ್ದಕ್ಕೂ ಬೆಳಕು ಮತ್ತು ಬೆಳ್ಳಿಯ ಒಂದೇ ನಂಟು.

ಗಾಜಿನ ತಟ್ಟೆಗೆ ಇದನ್ನು ಬಳಿಯುವುದು ತುಸು ಸುಲಭ. ತಟ್ಟೆ ಚಪ್ಪಟೆಯಾಗಿ ಮಲಗುತ್ತದೆ, ಗಾತ್ರ ಚಿಕ್ಕದು, ಬಗ್ಗುವ ಮಾತಿಲ್ಲ. ರೋಲ್ ಫಿಲ್ಮಿನ ಕಷ್ಟವೇ ಬೇರೆ. 120 ಎಂಬ ಅಳತೆಯ ಸುರುಳಿಯನ್ನೇ ತೆಗೆದುಕೊಳ್ಳಿ: ಅಗಲ ಸುಮಾರು 6 ಸೆಂಟಿಮೀಟರ್, ಉದ್ದ ಸುಮಾರು 80 ಸೆಂಟಿಮೀಟರ್. ಇಷ್ಟುದ್ದಕ್ಕೂ ಲೇಪ ಒಂದೇ ದಪ್ಪವಿರಬೇಕು. ಈಗ ಸಿಗುವ ಪಾಲಿಯೆಸ್ಟರ್ ಹಾಳೆಗೆ ಜೆಲಟಿನ್ ತಾನಾಗಿ ಅಂಟುವುದಿಲ್ಲ. ನಡುವೆ ಅಂಟು ಕೊಡುವ ಇನ್ನೊಂದು ತೆಳು ಪದರ ಬೇಕು. ಒಣಗಿದ ಜೆಲಟಿನ್ ಕುಗ್ಗಿ ಹಾಳೆಯನ್ನು ಮುದುಡಿಸುತ್ತದೆ. ಕೊಡಕ್ ಕಂಪನಿ 1903ರಲ್ಲಿ ಮುದುಡದ ಫಿಲ್ಮನ್ನು ಹೊರತಂದದ್ದು ಹಾಳೆಯ ಹಿಂಬದಿಗೂ ಒಂದು ಜೆಲಟಿನ್ ಪದರ ಬಳಿದು, ಎರಡೂ ಕಡೆಯ ಎಳೆತವನ್ನು ಸರಿದೂಗಿಸಿ. ಸುರುಳಿ ಸುತ್ತುವಾಗ ಲೇಪ ಬಿರುಕು ಬಿಡದಿರಲು ತುಸು ಗ್ಲಿಸರಿನ್ ಸೇರಿಸುತ್ತಾರೆ. ಹಿಂದೆ ಬೆಳಕು ತಡೆಯುವ ಕಾಗದ ಬೇಕು. ಅದರ ಮೇಲಿನ ಅಂಕಿಗಳು ಕ್ಯಾಮೆರಾದ ಬೆನ್ನಿನ ಕೆಂಪು ಕಿಂಡಿಯ ನೇರಕ್ಕೆ ಬರಬೇಕು. ಇಷ್ಟು ಮಾಡಿದ ಮೇಲೂ ಮನೆಯ ಫಿಲ್ಮಿನ ವೇಗ ಸಾಮಾನ್ಯವಾಗಿ ತೀರ ಕಡಿಮೆ. ಅದು ಐಎಸ್‌ಒ 3 ಎಂದುಕೊಂಡರೆ, ಅಂಗಡಿಯ 100ರ ಫಿಲ್ಮಿಗೆ ಬೇಕಾದ ಬೆಳಕಿನ ಮೂವತ್ತಮೂರು ಪಟ್ಟು ಇದಕ್ಕೆ ಬೇಕು. ಸುಡುಬಿಸಿಲಿನಲ್ಲೂ ನಿಂತವರು ಅಲುಗಾಡದೆ ನಿಲ್ಲಬೇಕು.

ಹೀಗೆ ವಿವರಕ್ಕಿಳಿದದ್ದು ಒಂದು ಕಾರಣಕ್ಕೆ. ಡಬ್ಬಿಯೊಳಗಿನ ಫಿಲ್ಮ್ ‘ಒಂದು ವಸ್ತು’ ಅಲ್ಲ. ಅದು ಪದರ ಪದರವಾಗಿ ಕೂಡಿಟ್ಟ ತೀರ್ಮಾನಗಳ ಕಟ್ಟು. ಹರಳು ಎಷ್ಟು ದೊಡ್ಡದಿರಬೇಕು, ಬೆಳಕು ಹಿಂದಿನಿಂದ ಪ್ರತಿಫಲಿಸಿ ದೀಪಗಳ ಸುತ್ತ ಪ್ರಭೆ ಕಟ್ಟಬೇಕೇ ಬೇಡವೇ, ಯಾವ ಬಣ್ಣ ಕಾಣಬೇಕು, ಯಾವುದು ಕಪ್ಪಾಗಿ ಉಳಿದರೂ ನಡೆದೀತು ಎಂಬುದನ್ನೆಲ್ಲ ಮೊದಲೇ ಯಾರೋ ನಿಶ್ಚಯಿಸಿರುತ್ತಾರೆ. ಫ್ಲುಸ್ಸರ್ 1983ರ ತನ್ನ ಪುಸ್ತಕದಲ್ಲಿ ಕ್ಯಾಮೆರಾವನ್ನು ಕಪ್ಪು ಪೆಟ್ಟಿಗೆ ಎಂದು ಕರೆಯುವುದು ಇದೇ ಅರ್ಥದಲ್ಲಿ. ಫೋಟೋ ತೆಗೆಯುವವನು ತಾನು ಸ್ವತಂತ್ರ ಎಂದುಕೊಂಡಿರುತ್ತಾನೆ, ಆದರೆ ಯಂತ್ರದೊಳಗೆ ಮೊದಲೇ ಬರೆದಿಟ್ಟ ಸಾಧ್ಯತೆಗಳನ್ನಷ್ಟೇ ಅವನು ಬಳಸುತ್ತಿರುತ್ತಾನೆ, ಯಂತ್ರದ ನೌಕರನಾಗಿರುತ್ತಾನೆ. ಸ್ವಾತಂತ್ರ್ಯ ಇರುವುದು ಯಂತ್ರದ ವಿರುದ್ಧ ಆಡುವುದರಲ್ಲಿ ಎಂಬುದು ಅವನ ನಿಲುವು. ಮನೆಯಲ್ಲಿ ಫಿಲ್ಮ್ ಮಾಡುವವರು ಈ ನಿಲುವಿಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಎಂದು ಥಟ್ಟನೆ ಅನ್ನಿಸುತ್ತದೆ. ಪೆಟ್ಟಿಗೆಯನ್ನು ತೆರೆದರು, ಕಂಪನಿಯ ಹಂಗು ಹರಿದರು ಎಂಬ ಕಥೆ ಕೇಳಲು ಚೆನ್ನಾಗಿದೆ.

ಕನ್ನಡದಲ್ಲಿ ‘ರೀಲು ಬಿಡುವುದು’ ಎಂಬ ಮಾತಿದೆಯಲ್ಲ, ಈ ಕಥೆಯಲ್ಲೂ ಸ್ವಲ್ಪ ರೀಲಿದೆ. ಮನೆಯಲ್ಲಿ ಮಾಡಿದ ಫಿಲ್ಮಿನಲ್ಲಿ ಮನೆಯದೇ ಆದದ್ದು ಎಷ್ಟು? ಪಾಲಿಯೆಸ್ಟರ್ ಹಾಳೆ ಪೆಟ್ರೋಲಿಯಂ ಉದ್ಯಮದ್ದು. ಸಿಲ್ವರ್ ನೈಟ್ರೇಟ್ ರಾಸಾಯನಿಕ ಕಾರ್ಖಾನೆಯದು. ಜೆಲಟಿನ್ ದನದ ಮೂಳೆ ಮತ್ತು ಚರ್ಮದಿಂದ ಬಂದದ್ದು. ಅದರ ಕಥೆಯಂತೂ ಇನ್ನೂ ಸ್ವಾರಸ್ಯದ್ದು. ಕೆಲವು ಜೆಲಟಿನ್‌ಗಳಿಂದ ಮಾಡಿದ ಫಿಲ್ಮ್ ಚುರುಕಾಗಿಯೂ ಕೆಲವದರದು ಮಂಕಾಗಿಯೂ ಬರುವುದೇಕೆಂದು ಕೊಡಕ್‌ನ ಪ್ರಯೋಗಾಲಯದಲ್ಲಿ ಸ್ಯಾಮ್ಯುಯಲ್ ಶೆಪರ್ಡ್ 1920ರ ದಶಕದಲ್ಲಿ ಹುಡುಕಿದ. ಜೆಲಟಿನ್‌ನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳು ಕಾರಣವೆಂದು ತಿಳಿಯಿತು; ಅವುಗಳ ಮೂಲವನ್ನು ಬೆನ್ನಟ್ಟಿದರೆ ಅದು ದನಗಳು ಮೇದ ಸಾಸಿವೆ ಜಾತಿಯ ಗಿಡಗಳವರೆಗೆ ಹೋಯಿತು. ಯಾವುದೋ ಹೊಲದ ಸಾಸಿವೆ ಇಲ್ಲದಿದ್ದರೆ ಸಿನಿಮಾ ಪರದೆಯ ಮೇಲಿನ ಮುಖ ಅಷ್ಟು ಬೇಗ ಮೂಡುತ್ತಿರಲಿಲ್ಲ. ಹೀಗಿರುವಾಗ ‘ನಾನೇ ಮಾಡಿದೆ’ ಎಂಬ ಮಾತಿನ ‘ನಾನು’ ಎಲ್ಲಿಂದ ಶುರು? ಫ್ಲುಸ್ಸರ್ ಸ್ವತಃ ಇದನ್ನು ಮರೆತಿರಲಿಲ್ಲ: ಒಂದು ಪೆಟ್ಟಿಗೆಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು, ಕೊನೆಯ ಪೆಟ್ಟಿಗೆ ಎಂಬುದಿಲ್ಲ ಎಂದೇ ಅವನ ವಾದ. ಅವನನ್ನು ಉತ್ಸಾಹದಿಂದ ಉದ್ಧರಿಸುವವರು ಈ ಅರ್ಧವನ್ನು ಬಿಡುತ್ತಾರೆ.

ಇತಿಹಾಸವೂ ‘ಮನೆ’ ಮತ್ತು ‘ಕಾರ್ಖಾನೆ’ಯನ್ನು ಎದುರುಬದುರು ನಿಲ್ಲಿಸಲು ಬಿಡುವುದಿಲ್ಲ. ಪಾರದರ್ಶಕ, ಬಗ್ಗುವ ರೋಲ್ ಫಿಲ್ಮಿಗೆ ಮೊದಲು ಪೇಟೆಂಟ್ ಕೇಳಿದವನು ಕಾರ್ಖಾನೆಯವನಲ್ಲ. ಅಮೆರಿಕದ ನ್ಯೂಜೆರ್ಸಿಯ ನ್ಯೂಆರ್ಕ್ ಊರಿನ ಪಾದ್ರಿ ಹ್ಯಾನಿಬಲ್ ಗುಡ್ವಿನ್. ಬೈಬಲ್ ಪಾಠಕ್ಕೆ ಚಿತ್ರಗಳನ್ನು ತೋರಿಸಲು ಒಡೆಯದ, ಹಗುರವಾದ ಮಾಧ್ಯಮ ಬೇಕೆಂದು ಅವನು ತನ್ನ ಮನೆಯ ಅಟ್ಟದಲ್ಲಿ ಪ್ರಯೋಗ ಮಾಡಿದ. 1887ರ ಮೇ 2ರಂದು ಅರ್ಜಿ ಹಾಕಿದ. ಆಧಾರವಸ್ತು ಸೆಲ್ಯುಲಾಯ್ಡ್: ನೈಟ್ರೋಸೆಲ್ಯುಲೋಸ್ ಮತ್ತು ಕರ್ಪೂರ, ಎರಡೂ ಹತ್ತಿ ಉರಿಯುವಂಥವು. ಇತ್ತ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ನೂರು ಚಿತ್ರಗಳ ಕಾಗದದ ಸುರುಳಿ ತುಂಬಿದ ಕೊಡಕ್ ಕ್ಯಾಮೆರಾವನ್ನು 25 ಡಾಲರಿಗೆ ಮಾರಲು ಆರಂಭಿಸಿದ್ದ. ಅವನ ರಸಾಯನಶಾಸ್ತ್ರಜ್ಞ ಹೆನ್ರಿ ರೈಕನ್‌ಬಾಕ್‌ಗೆ 1889ರಲ್ಲೇ ಪಾರದರ್ಶಕ ಫಿಲ್ಮಿನ ಪೇಟೆಂಟ್ ಸಿಕ್ಕಿತು. ಗುಡ್ವಿನ್‌ಗೆ ಪೇಟೆಂಟ್ ಸಿಕ್ಕಿದ್ದು 1898ರ ಸೆಪ್ಟೆಂಬರ್‌ನಲ್ಲಿ, ಹನ್ನೊಂದು ವರ್ಷ ಕಾದ ಮೇಲೆ. 1900ರ ಕೊನೆಯ ದಿನ ಅವನು ತೀರಿಕೊಂಡ. ಅವನ ಹಕ್ಕನ್ನು ಕೊಂಡ ಆನ್ಸ್ಕೊ ಕಂಪನಿ ಮೊಕದ್ದಮೆ ಹೂಡಿ, 1914ರಲ್ಲಿ ಈಸ್ಟ್‌ಮನ್ ಕೊಡಕ್ 50 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅಟ್ಟದಲ್ಲಿ ಹುಟ್ಟಿದ್ದು ಕೋರ್ಟಿನಲ್ಲಿ ಇತ್ಯರ್ಥವಾಯಿತು, ಗೆದ್ದದ್ದೂ ಇನ್ನೊಂದು ಕಂಪನಿಯೇ. ಇದನ್ನು ಒಬ್ಬಂಟಿ ಪ್ರತಿಭೆಗೆ ಆದ ಅನ್ಯಾಯದ ಕಥೆಯಾಗಿಯಷ್ಟೇ ಓದಿದರೆ ಮುಖ್ಯ ಅಂಶ ತಪ್ಪಿಹೋಗುತ್ತದೆ. ಮನೆಯ ಫಿಲ್ಮ್ ಕಾರ್ಖಾನೆಯ ಫಿಲ್ಮಿನ ಹೊರಗೆ ನಿಂತ ಶುದ್ಧ ಜಾಗವಲ್ಲ. ಶುರುವಿನಿಂದಲೂ ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ.

ಹಾಗಾದರೆ ಮನೆಯ ಫಿಲ್ಮಿನ ಬೆಲೆ ಎಲ್ಲಿದೆ? ಅದರ ಅಭಿಮಾನಿಗಳಲ್ಲಿ ಹಲವರು ಬೆಲೆಯನ್ನು ಕಲೆಗಳಲ್ಲಿ ಹುಡುಕುತ್ತಾರೆ. ಲೇಪದಲ್ಲಿ ಸಿಕ್ಕಿಬಿದ್ದ ಗುಳ್ಳೆ, ಅಂಚಿನ ಹರಿದ ಗೆರೆ, ಬೆಳಕು ಸೋರಿದ ಮಬ್ಬು, ಇವೆಲ್ಲ ‘ಕೈಯ ಗುರುತು’, ಇವುಗಳಿಂದ ಚಿತ್ರಕ್ಕೆ ಜೀವ ಬರುತ್ತದೆ ಎಂಬ ಮೆಚ್ಚುಗೆ ಕೇಳಿಬರುತ್ತದೆ. ಈ ಮೆಚ್ಚುಗೆ ನನಗೆ ಒಪ್ಪಿಗೆಯಿಲ್ಲ. ಓಲೆಗರಿಯಲ್ಲಿ ಹುಳು ಕೊರೆದ ತೂತು ಹಳೆಯದೆಂಬುದಕ್ಕೆ ಸಾಕ್ಷಿ, ಕಾವ್ಯಗುಣವಲ್ಲ. ಗುಳ್ಳೆಯಿದ್ದ ಮಾತ್ರಕ್ಕೆ ಚಿತ್ರ ಪ್ರಾಮಾಣಿಕವಾಗುವುದಾದರೆ ಅದನ್ನು ಫೋನಿನ ಫಿಲ್ಟರ್ ಕೂಡ ಒಂದು ಕ್ಷಣದಲ್ಲಿ ಕೊಡಬಲ್ಲದು, ಕೊಡುತ್ತಲೂ ಇದೆ. ಕೈಯಿಂದ ಮಾಡಿದ್ದು ಎಂಬ ಒಂದೇ ಗುಣಕ್ಕೆ ಮಣೆ ಹಾಕಿದರೆ, ಆ ಫಿಲ್ಮ್ ಲೋಕವನ್ನು ಹೇಗೆ ಕಂಡಿತು ಎಂಬ ಪ್ರಶ್ನೆ ಮತ್ತೆ ಮೂಲೆಗೆ ಸರಿಯುತ್ತದೆ. ನಾವು ಕೇಳಬೇಕಾದ ಪ್ರಶ್ನೆ ಅದೇ.

ಉತ್ತರ ರಸಾಯನದಲ್ಲೇ ಇದೆ. ಮೇಲೆ ಹೇಳಿದ ಕ್ರಮದಲ್ಲಿ ಮಾಡಿದ ಸರಳ ಲೇಪ ನೇರಳೆ ಮತ್ತು ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ. ಹಸಿರು ಅದಕ್ಕೆ ಅಷ್ಟಕ್ಕಷ್ಟೆ, ಕೆಂಪು ಕಾಣುವುದೇ ಇಲ್ಲ. ಕೆಂಪು ದೀಪದಲ್ಲಿ ಕೆಲಸ ಮಾಡಲು ಸಾಧ್ಯವಾಗುವುದು ಇದರಿಂದಲೇ. ಪರಿಣಾಮವೇನು? ನೀಲಿ ಆಕಾಶ ಬೆಳ್ಳಗೆ ಬಯಲಾಗುತ್ತದೆ. ಚೆಂಡುಹೂ ಕಪ್ಪಾಗುತ್ತದೆ. ಹಣೆಯ ಕುಂಕುಮ ಮಸಿಯ ಬೊಟ್ಟಾಗುತ್ತದೆ. ಮನುಷ್ಯನ ಚರ್ಮ ಕೆಂಪು ಬೆಳಕನ್ನು ಹೆಚ್ಚಾಗಿಯೂ ನೀಲಿಯನ್ನು ಕಡಿಮೆಯಾಗಿಯೂ ಹಿಂದಿರುಗಿಸುತ್ತದೆ. ಹೀಗಾಗಿ ನೀಲಿಯನ್ನಷ್ಟೇ ಕಾಣುವ ಫಿಲ್ಮ್ ಎಲ್ಲರ ಚರ್ಮವನ್ನೂ ಕಪ್ಪಾಗಿಸುತ್ತದೆ, ಕಂದು ಚರ್ಮವನ್ನು ಇನ್ನಷ್ಟು. ಮುಖದ ಸುಕ್ಕು, ಕಲೆ, ಬಿಸಿಲಿನ ಗುರುತು ಆಳವಾಗಿ ಎದ್ದು ಕಾಣುತ್ತವೆ. ಕಣ್ಣಿಗೆ ತಿಳಿಗಂದು ಕಂಡ ಮುಖ ನೆಗೆಟಿವ್‌ನಲ್ಲಿ ಬೆಳಕೇ ಬೀಳದ ಜಾಗವಾಗುತ್ತದೆ. ಇದು ಕ್ಯಾಮೆರಾದ ಕಣ್ಣಿನ ದೋಷವಲ್ಲ, ತೆಗೆದವನ ಉದ್ದೇಶವೂ ಆಗಬೇಕಿಲ್ಲ. ಇದು ಪಾಠಾಂತರ.

ಈ ಮಾತನ್ನು ಹತ್ತೊಂಬತ್ತನೆಯ ಶತಮಾನದ ಭಾರತಕ್ಕೆ ತಂದು ನೋಡಿ. ಜೆ. ಫೋರ್ಬ್ಸ್ ವಾಟ್ಸನ್ ಮತ್ತು ಜಾನ್ ವಿಲಿಯಂ ಕೇ ಸಂಪಾದಿಸಿದ ‘ದಿ ಪೀಪಲ್ ಆಫ್ ಇಂಡಿಯಾ’ 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಬಂತು. ಇಲ್ಲಿನ ಜನರನ್ನು ಜಾತಿ, ಬುಡಕಟ್ಟು, ಕಸುಬುಗಳ ಮಾದರಿಗಳಾಗಿ ಜೋಡಿಸಿದ ಗ್ರಂಥ ಅದು. ಇದರ ಮೇಲಿನ ವಿಮರ್ಶೆ ಸರಿಯಾಗಿಯೇ ಆಳುವವರ ನೋಟವನ್ನು, ಪಕ್ಕದ ಟಿಪ್ಪಣಿಗಳ ಧೋರಣೆಯನ್ನು, ನಿಲ್ಲಿಸಿದ ಭಂಗಿಯನ್ನು ಪ್ರಶ್ನಿಸಿದೆ. ಆದರೆ ಆ ಕಾಲದ ಕೊಲೋಡಿಯನ್ ತಟ್ಟೆಯೂ ನೀಲಿಯನ್ನಷ್ಟೇ ಕಾಣುತ್ತಿತ್ತು. ಬಣ್ಣದ್ರವ್ಯ ಸೇರಿಸಿದರೆ ಲೇಪ ಬೇರೆ ಬಣ್ಣಗಳಿಗೂ ಸ್ಪಂದಿಸುತ್ತದೆ ಎಂಬುದನ್ನು ಹರ್ಮನ್ ಫೋಗೆಲ್ ಬರ್ಲಿನ್‌ನಲ್ಲಿ ಕಂಡುಹಿಡಿದದ್ದೇ 1873ರಲ್ಲಿ, ಸಂಪುಟಗಳು ಮುಗಿಯುತ್ತ ಬಂದಾಗ. ಅಂದರೆ ಅಲ್ಲಿನ ಮುಖಗಳ ಕಪ್ಪು ಅಷ್ಟೂ ಆ ಜನರ ಮೈಬಣ್ಣವಲ್ಲ. ಅದರಲ್ಲಿ ಒಂದು ಪಾಲು ತಟ್ಟೆಯ ಬಣ್ಣ. ಮೈಬಣ್ಣವನ್ನೇ ಮನುಷ್ಯರ ದರ್ಜೆ ಅಳೆಯುವ ಕೋಲಾಗಿ ಹಿಡಿದಿದ್ದ ಕಾಲದಲ್ಲಿ ಆ ಪಾಲು ಚಿಕ್ಕದಲ್ಲ. ತಟ್ಟೆಯ ಕುರುಡು ನೋಡುವವರಿಗೆ ಮನುಷ್ಯನ ಗುಣವಾಗಿ ಕಂಡಿತು.

ಇದು ಹಳೆಯ ಕಾಲದ ತಾಂತ್ರಿಕ ಮಿತಿಯಷ್ಟೇ, ಮುಂದೆ ಸರಿಹೋಯಿತು ಎನ್ನುವ ಹಾಗೂ ಇಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಬಣ್ಣದ ಫಿಲ್ಮ್ ಬಂದ ಮೇಲೆ, ಪ್ರಿಂಟಿನ ಬಣ್ಣ ಸರಿಹೊಂದಿಸಲು ಲ್ಯಾಬ್‌ಗಳಲ್ಲಿ ಬಿಳಿ ಹೆಂಗಸೊಬ್ಬಳ ಚಿತ್ರವಿದ್ದ ‘ಶರ್ಲಿ ಕಾರ್ಡ್’ ಬಳಸುತ್ತಿದ್ದರು. ಅವಳ ಚರ್ಮ ಸರಿ ಕಂಡರೆ ಎಲ್ಲವೂ ಸರಿ ಎಂಬುದು ಅಳತೆ. ಕೆನಡಾದ ಸಂಶೋಧಕಿ ಲೋರ್ನಾ ರಾತ್ ಇದರ ಬಗ್ಗೆ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಮನಸ್ಸಿನಲ್ಲಿ ನಿಲ್ಲುತ್ತದೆ. ಕೊಡಕ್ ತನ್ನ ಫಿಲ್ಮಿನಲ್ಲಿ ಕಂದು ಛಾಯೆಗಳನ್ನು ಸುಧಾರಿಸಲು ಒಂದು ಒತ್ತಡ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ತಯಾರಿಸುವವರಿಂದ. ಜಾಹೀರಾತಿನಲ್ಲಿ ತಮ್ಮ ಸರಕಿನ ಬಗೆಬಗೆಯ ಕಂದು ಸರಿಯಾಗಿ ಬರುತ್ತಿಲ್ಲವೆಂಬುದು ಅವರ ದೂರು. ಸುಧಾರಿಸಲು ಬರುತ್ತಿರಲಿಲ್ಲ ಎಂದಲ್ಲ. ಯಾರ ದೂರಿಗೆ ಕಿವಿಗೊಡಬೇಕು ಎಂಬುದು ಪ್ರಶ್ನೆಯಾಗಿತ್ತು.

ಈ ಹಿನ್ನೆಲೆಯಲ್ಲಿ ನಮ್ಮ ನೆರೆಯ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ನೆನಪಾಗುತ್ತದೆ. 1960ರಲ್ಲಿ ಸರ್ಕಾರ ಸ್ಥಾಪಿಸಿದ ಈ ಕಂಪನಿಯ ಫಿಲ್ಮಿನ ಹೆಸರು ‘ಇಂದು’. ಚಂದ್ರ ಎಂಬ ಅರ್ಥದ ಹೆಸರಾದರೂ ಕನ್ನಡದ ಕಿವಿಗೆ ಅದು ‘ಈ ದಿನ’ ಎಂದೂ ಕೇಳಿಸುತ್ತದೆ. ಪೂರ್ತಿ ಆಮದಿನ ಮೇಲೆ ನಿಂತಿದ್ದ ದೇಶ ತನ್ನ ಫಿಲ್ಮನ್ನು ತಾನೇ ಮಾಡಿಕೊಳ್ಳುವ ಈ ಯತ್ನವೂ ಒಂದರ್ಥದಲ್ಲಿ ಮನೆಯಲ್ಲಿ ಫಿಲ್ಮ್ ಮಾಡುವುದೇ, ಮನೆ ಮಾತ್ರ ದೊಡ್ಡದು. ಸಿನಿಮಾದ ಕಪ್ಪುಬಿಳುಪು ಫಿಲ್ಮ್, ಆಸ್ಪತ್ರೆಯ ಎಕ್ಸ್‌ರೇ ಹಾಳೆ, ಫೋಟೋ ಕಾಗದ ಅಲ್ಲಿಂದ ಬಂದವು. ಬಣ್ಣದ ಫಿಲ್ಮಿನ ಕಾಲದಲ್ಲಿ ಅದು ಹಿಂದೆ ಬಿತ್ತು; 1990ರ ದಶಕದ ನಡುವೆ ರೋಗಗ್ರಸ್ತ ಉದ್ಯಮವೆಂದು ಘೋಷಣೆಯಾಗಿ, ಕೊನೆಗೆ ಬಾಗಿಲು ಮುಚ್ಚಿತು. ಇದರ ಬಗ್ಗೆ ಆರ್ಥಿಕ ನಷ್ಟದ ಲೆಕ್ಕವನ್ನಷ್ಟೇ ನಾವು ಓದುತ್ತೇವೆ. ಅಲ್ಲಿ ಲೇಪದ ಹದವನ್ನು ನಿರ್ಧರಿಸುತ್ತಿದ್ದ ಕೈಗಳೊಂದಿಗೆ ಯಾವ ಜ್ಞಾನ ಹೋಯಿತು ಎಂಬುದು ಸಾಂಸ್ಕೃತಿಕ ಪ್ರಶ್ನೆಯಾಗಿ ನಮ್ಮ ನಡುವೆ ಬೆಳೆಯಲಿಲ್ಲ.

ಮನೆಯ ಫಿಲ್ಮಿನ ನಿಜವಾದ ಬೆಲೆ ಇರುವುದು ಇಲ್ಲಿ ಎಂದು ನನ್ನ ಅನಿಸಿಕೆ. ಅದು ನಮ್ಮನ್ನು ಉದ್ಯಮದ ಹೊರಗೆ ಒಯ್ಯುವುದಿಲ್ಲ. ಹಳೆಯ ಕಾಲದ ಸೊಗಸನ್ನು ಮರಳಿ ತರುವುದೂ ಅದರ ದೊಡ್ಡ ಸಾಧನೆಯಲ್ಲ. ಆದರೆ ಸ್ವಂತ ಲೇಪದಲ್ಲಿ ಗೆಳತಿಯ ಚಿತ್ರ ತೆಗೆದು, ಅವಳ ಮುಖ ಅಷ್ಟೇಕೆ ಕಪ್ಪಾಯಿತು ಎಂದು ತಡೆದು ನಿಲ್ಲುವವಳಿಗೆ ಉತ್ತರ ತನ್ನ ಪಾತ್ರೆಯಲ್ಲೇ ಇದೆಯೆಂದು ಗೊತ್ತಿರುತ್ತದೆ. ಬಣ್ಣದ್ರವ್ಯ ಸೇರಿಸಬೇಕೋ ಬೇಡವೋ ಎಂಬ ತೀರ್ಮಾನ ಅವಳದೇ ಆಗುತ್ತದೆ. ಸೇರಿಸದಿದ್ದರೆ ಅದರ ಹೊಣೆಯೂ ಅವಳದು. ಫ್ಲುಸ್ಸರ್ ಹೇಳುವ ಸ್ವಾತಂತ್ರ್ಯಕ್ಕೆ ನಾನು ಕೊಡುವ ಅರ್ಥ ಇಷ್ಟು ಸಣ್ಣದು: ತೀರ್ಮಾನ ಎಲ್ಲಿ ನಡೆಯಿತೆಂದು ಬೆರಳಿಟ್ಟು ತೋರಿಸಲು ಬರುವುದು.

ಎಲ್ಲರೂ ಫಿಲ್ಮ್ ಮಾಡಬೇಕಿಲ್ಲ, ಆದರೆ ಓದುವುದನ್ನು ಕಲಿಯಬಹುದು. ನಮ್ಮ ಜನಾಂಗಗಳ, ಕಸುಬುಗಳ ಬಗೆಗಿನ ಪುಸ್ತಕಗಳು ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ಅಚ್ಚುಹಾಕುತ್ತವೆ. ಚಿತ್ರದ ಕೆಳಗೆ ಸಾಮಾನ್ಯವಾಗಿ ಸಮುದಾಯದ ಹೆಸರು ಇರುತ್ತದೆ, ಕೆಲವೊಮ್ಮೆ ಊರು, ವರ್ಷ. ತಟ್ಟೆ ಯಾವುದು, ಅದು ಯಾವ ಬಣ್ಣಕ್ಕೆ ಕುರುಡಾಗಿತ್ತು ಎಂಬ ಒಂದು ಸಾಲು ಇರುವುದಿಲ್ಲ. ಹಳಗನ್ನಡ ಪದ್ಯದ ಅಡಿಯಲ್ಲಿ ಪಾಠಾಂತರ ಕೊಡದ ಆವೃತ್ತಿಯನ್ನು ನಾವು ಶಾಸ್ತ್ರೀಯವೆಂದು ಒಪ್ಪುವುದಿಲ್ಲ. ಒಬ್ಬ ಮನುಷ್ಯನ ಮುಖವನ್ನು ಅಚ್ಚುಹಾಕುವಾಗಲೂ ಅಷ್ಟು ಎಚ್ಚರವನ್ನು ಸಂಪಾದಕರಿಂದ ಕೇಳಬೇಕು.